ಹಿಡಿಸೂಡಿ ಹಡಗು

ಬಿಲ್ಲಿನ ಮೇಲೆ ಏನೆಂದು ಬರೆಯಲಿ, ಕೇಳಿದೆ.
ಪಹರೆ ಹಡಗು, ಎಂದ ಲೆಫ್ಟಿನೆಂಟ್ ಹುಡುಗ.
ದ್ವೀಪದವನು. ಅವರ ನೌಕಾಪಡೆಯಲ್ಲಿ ಐದು ಹಡಗು,
ಇದೂ ಸೇರಿ ಐದು.
ಹಿಂದೆ ಏನಾಗಿತ್ತು?
ಹಿಂದೆ ಕಡಲು ಗುಡಿಸುತ್ತಿತ್ತು.
ಯಾವುದೋ ಚಳಿ ದೇಶದ ತೀರದಲ್ಲಿ
ಯಾರೋ ಬಿತ್ತಿ ಮರೆತ ಮೈನುಗಳನ್ನು
ಉದ್ದ ಹಗ್ಗ ಎಳೆದು ಬಾಚುತ್ತಿತ್ತು.
ನನಗೆ ನಗು ಬಂತು. ನಮ್ಮ ತೋಟ ಬೆಂಗ್ರೆಯಲ್ಲಿ
ಹಿಡಿಸೂಡಿ ಸವೆದರೆ ಬಿಸಾಡುವುದಿಲ್ಲ,
ಕೋಳಿ ಓಡಿಸಲಿಕ್ಕೆ ಬಾಗಿಲ ಸಂದಿಯಲ್ಲಿಡುತ್ತೇವೆ.

ಚೆಯ್ಯಬ್ಬ ಬ್ಯಾರಿ
ಹಾಳು ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ಟು ಹಿಡಿದು
ಮೂತಿಯಿಂದ ಹಿಂಬದಿವರೆಗೆ ನಡೆದರು.
ಎಲ್ಲೂ ಅಂಟಲಿಲ್ಲ.
ಮೈಯೆಲ್ಲ ಮರ, ಮೊಳೆ ಹಿತ್ತಾಳೆ,
ಅಡುಗೆಮನೆಯಲ್ಲಿ ಸೌಟು ತೂಗುವ ಕೊಕ್ಕೆ ಕೂಡ ಕಂಚು.
ತಳದಲ್ಲಿ ಕಾದು ಕೂತದ್ದಕ್ಕೆ
ಕಬ್ಬಿಣದ ವಾಸನೆ ಬಡಿಯಬಾರದು,
ಅಷ್ಟೇ ಇದರ ವಿದ್ಯೆ.
ಸಾವಿನ ನೆತ್ತಿಯ ಮೇಲೆ
ಯಾರೂ ಅಲ್ಲದವರ ಹಾಗೆ ಹಾದುಹೋಗುವುದು.

ಈಗ ಕೆಲಸ ತಿರುವುಮುರುವು.
ಈಗ ದೂರದಿಂದಲೇ ಕಾಣಬೇಕು:
ಆಳೆತ್ತರದ ನಂಬರು, ಬಿಳಿ ಬಣ್ಣ ಮೂರು ಕೋಟು,
ಸೈರನ್ನು, ಗಿರಗಿರ ನೀಲಿ ದೀಪ.
ಹಗ್ಗದ ರಾಟೆ ಕಳಚಿದ ಜಾಗಕ್ಕೆ ರಬ್ಬರ್ ದೋಣಿ.
ಮುಂದುಗಡೆ ತೋಪು,
ಸಣ್ಣದೇ, ಆದರೆ ಕಬ್ಬಿಣದ್ದು.
ಅದರ ಬೋಲ್ಟಿಗೆ ತೂತು ಕೊರೆಯುವ ದಿನ
ಬ್ಯಾರಿ ಬೈರಿಗೆ ತೊಡೆಯ ಮೇಲಿಟ್ಟು ಸುಮ್ಮನೆ ಕೂತರು.
ಹೊಳೆಯಲ್ಲಿ ಇಳಿತ. ಆಚೆ ದಕ್ಕೆಯಲ್ಲಿ
ಐಸು ಪುಡಿ ಮಾಡುವ ಮಿಷನ್ನಿನ ಕರಕರ.
'ಐವತ್ತು ವರ್ಷ ತಾಗಿಸಿಕೊಳ್ಳದ ಮೈ ಮಾರಾಯ್ತಿ' ಎಂದರು.
ಆಮೇಲೆ ಕೊರೆದರು. ಕೂಲಿ ಕೂಲಿಯೇ.
ತೂತು ಎಂಟು, ನಾನು ಬರೆದುಕೊಂಡೆ.

ಗಡಿ ದಾಟಿ ಮೀನು ಹಿಡಿಯುವವರನ್ನು ಹಿಡಿಯುವುದಂತೆ.
ಚಾಕ್ಕೆ ಬಿಸ್ಕೂಟು ಅದ್ದುತ್ತ ಹೇಳಿದ ಹುಡುಗ.
ಎಲ್ಲಿಯವರು?
ಎಲ್ಲೆಲ್ಲಿಯವರೋ, ಎಂದ. ಬಿಸ್ಕೂಟು ಮುರಿದು ಬಿತ್ತು.
ನಿಮ್ಮ ಕಡೆಯವರೂ.
ಪಾಪದವನು, ಸುಳ್ಳು ಕಲಿತಿಲ್ಲ.

ನನ್ನ ಅಣ್ಣ ವಾಮನ ಮೆಂಡನ್ ತಾಂಡೇಲ.
ಹತ್ತು ದಿನದ ಡೀಸೆಲ್ ತುಂಬಿಸಿ
ಬೊಂಡಾಸಿನ ಬೆನ್ನು ಹತ್ತಿದರೆ
ನೀರಿನ ಮೇಲೆ ಗೆರೆ ಹುಡುಕುವ ಪೈಕಿ ಅಲ್ಲ.
ಅವನ ಬೋಟಿನ ತಳ ಕೂರಿಸಿದ್ದೂ ಇದೇ ಬ್ಯಾರಿ,
ಇದೇ ಬೈರಿಗೆ.
ಇದನ್ನೆಲ್ಲ ಬಿಲ್ಲಿನಲ್ಲಿ ಬರೆಯಲು ಕಾಲಮ್ಮಿಲ್ಲ.
ಒಟ್ಟು ಮೊತ್ತದ ಕೆಳಗೆ ಎರಡು ಗೆರೆ ಎಳೆದೆ.

ಅಳಿವೆ ದಾಟುವ ಹಿಂದಿನ ಸಂಜೆ
ಬ್ಯಾರಿ ಮತ್ತೆ ಮ್ಯಾಗ್ನೆಟ್ಟು ಹಿಡಿದು ಹೊರಟರು,
ಯಾರೂ ಹೇಳಿರಲಿಲ್ಲ.
ಹಿಂಬದಿಯಲ್ಲಿ ಇಲ್ಲ. ನಡುವೆ ಇಲ್ಲ.
ಮೂತಿಯ ಹತ್ತಿರ ಕೈ ತಪ್ಪಿಸಿಕೊಂಡು
ಟಕ್ ಎಂದು ಕಚ್ಚಿತು.
ಬಿಡಿಸಲು
ಎರಡೂ ಕೈ ಬೇಕಾಯಿತು.