ಖಾನೇಶುಮಾರಿ, ಮೂರೂಪ್ನಾ

ಆಗಸ್ಟ್ ತಿಂಗಳ ಎರಡನೇ ಮಂಗಳವಾರದ ರಾತ್ರಿ
ಈ ಸೀಮೆಯಲ್ಲಿ ಯಾರು ಎಲ್ಲಿ ಮಲಗಿದ್ದರೋ
ಅಲ್ಲೇ ಅವರ ಲೆಕ್ಕ.
ಬೇಸಿಗೆಯಲ್ಲಿ ಪೀಚ್ ಹಣ್ಣಿನ ಡಬ್ಬಿ ಎಣಿಸುವವಳು ನಾನು,
ಚಳಿಗಾಲಕ್ಕೆ ತಲೆ ಎಣಿಸಲು ಸೇರಿದೆ.
ಹಳದಿ ಚೀಲ, ಕೊರಳಿಗೆ ಗುರುತಿನ ಚೀಟಿ,
ಫಾರಂ ಕೊಡದ ಅರವತ್ತೆರಡು ಮನೆಗಳ ಪಟ್ಟಿ,
ನಾಯಿ ಇರುವ ಮನೆಗಳ ಮುಂದೆ ಒಂದು ಚುಕ್ಕಿ.

ಮೊದಲ ಬಾಗಿಲಲ್ಲೇ ಜಗಳ.
ಕಲೋಜೆರೊ ಅಜ್ಜನಿಗೆ ಎಂಬತ್ತೆಂಟು, ಹುಟ್ಟಿದ್ದು ಸಿಸಿಲಿ.
ಮೂಲ ಎಂಬಲ್ಲಿ ಇಟಲಿ ಎಂದು ಒತ್ತಿ ಬರೆದ
ತನಗೆ, ಮಗನಿಗೆ, ಮೊಮ್ಮಗಳಿಗೆ,
ಬಿಟ್ಟಿದ್ದರೆ ಬೆಕ್ಕಿಗೂ.
ಮಗ ಪೆನ್ನು ಕಿತ್ತುಕೊಂಡ. “ನಾನು ಆಸ್ಟ್ರೇಲಿಯದವನು.”
“ಹಾಗಾದರೆ ಟೊಮೆಟೊ ಕುದಿಸುವ ದಿನ ಜಾಡಿ ಹಿಡಿದು ಯಾಕೆ ಬರುತ್ತೀ?”
ಎರಡು ಉತ್ತರಕ್ಕೆ ಜಾಗವಿದೆ ಎಂದೆ.
ಇಬ್ಬರೂ ನನ್ನನ್ನೇ ದುರುಗುಟ್ಟಿ ನೋಡಿದರು.

ಗುಲಾಮ್ ಸಖಿಯ ಮನೆಯಲ್ಲಿ ಇಂಗ್ಲಿಷ್ ಓದುವವಳು
ಒಂಬತ್ತು ವರ್ಷದ ಮರ್ಜಿಯಾ ಒಬ್ಬಳೇ.
ಅವಳು ಕೇಳುತ್ತಾಳೆ, ಅಪ್ಪ ಹಜಾರಗಿಯಲ್ಲಿ ಹೇಳುತ್ತಾನೆ,
ನಾನು ತುಂಬುತ್ತೇನೆ.
ಹುಟ್ಟಿದ ದಿನ? ಜನವರಿ ಒಂದು.
ಹೆಂಡತಿಯದು? ಜನವರಿ ಒಂದು.
ಹಿರಿಮಗನದೂ ಅತ್ತೆಯದೂ ಅದೇ.
“ಶಿಬಿರದ ಸಾಹೇಬರು ಬರೆದದ್ದು,” ಅಂತ ನಕ್ಕ,
“ನಾನು ಹುಟ್ಟಿದ್ದು ಮಾಳಿಗೆ ಮೇಲೆ ಏಪ್ರಿಕಾಟ್ ಒಣಹಾಕುವಾಗ.”
ಅದಕ್ಕೆ ಕಾಲಂ ಇಲ್ಲ.

ಕ್ಯಾರವಾನ್ ಪಾರ್ಕಿನ ಕೊನೆಯ ಕ್ಯಾಬಿನ್.
ಹೊಸಿಲ ಹೊರಗೆ ಹದಿನಾಲ್ಕು ಜೋಡಿ ಬೂಟು,
ಕೊಂಬೆ ಸವರುವ ಕತ್ತರಿಗಳು.
ಫಾರಂನಲ್ಲಿ ನಾಲ್ಕೇ ಹೆಸರು.
ಬಾಗಿಲಿಗೆ ಅಡ್ಡ ನಿಂತ ಹುಡುಗ
“ಬೂಟೆಲ್ಲ ನಮ್ಮವೇ” ಎಂದ.
ನಾಲ್ಕು ಎಂದು ಬರೆದುಕೊಂಡೆ.
ತಿರುಗಿ ಬರುವಾಗ ಕಿಟಕಿಯ ಪರದೆ
ಹತ್ತು ಸಲ ಅಲುಗಿತು.

ಡೋರೀನ್ ಮನೆಯಲ್ಲಿ ಕೂತದ್ದೇ ಹೆಚ್ಚು.
ಅವಳ ಗಂಡ ಕ್ಲೆಮ್ ಹೋದದ್ದು ಅದೇ ಮಂಗಳವಾರ,
ರಾತ್ರಿ ಹನ್ನೊಂದು ಹತ್ತಕ್ಕೆ.
ನಡುರಾತ್ರಿಗೆ ಉಸಿರಿದ್ದವರೇ ಜನ, ನಿಯಮ ಹಾಗೆ.
“ಐವತ್ತು ನಿಮಿಷ,” ಎಂದಳು,
“ಎಲ್ಲಿಗಾದರೂ ಅವನು ಬೇಗ ಹೊರಡುವವನೇ.”
ಎರಡನೇ ವ್ಯಕ್ತಿಯ ಹಾಳೆ ಸಂಜೆಯೇ ತುಂಬಿಟ್ಟಿದ್ದಳು.
ವಯಸ್ಸು ಎಂಬತ್ತೊಂದು.
ವಾರಕ್ಕೆ ಮನೆಗೆಲಸ ಎಷ್ಟು ಗಂಟೆ? ಒಂದೂ ಇಲ್ಲ.
ಹೊಡೆದುಹಾಕಿ ಎಂದು ನಾನು ಹೇಳಬೇಕಿತ್ತು.
ಬಿಸ್ಕತ್ತು ತಿಂದೆ.

ಆಂಟಿ ಐಲ್ಸಾ, ಯೋರ್ಟಾ ಯೋರ್ಟಾ ಜನ.
ಚಹಾ ಕೊಟ್ಟು ಕಿಟಕಿಯಾಚೆ ಕೈ ತೋರಿದಳು,
ಗೋಲ್ಬರ್ನ್ ನದಿಯ ಆ ಬಯಲು,
ಗೋಣಿ, ತಗಡಿನ ಗುಡಿಸಲು, ಹುಟ್ಟಿದ್ದು ಅಲ್ಲೇ.
“ಆಗಲೂ ಬರುತ್ತಿದ್ದರು ಬರೆದುಕೊಳ್ಳುವವರು.
ಹಣ್ಣಿನ ಮರ ಎಣಿಸಿದರು, ಕುರಿ ಎಣಿಸಿದರು.
ನಮ್ಮನ್ನು ಹಣ್ಣು ಕೀಳಲು ಕರೆದರು.”
ನಮ್ಮ ಕಡೆ ಇದಕ್ಕೊಂದು ಮಾತಿದೆ ಎಂದೆ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಇನ್ನೊಮ್ಮೆ ಹೇಳಿಸಿದಳು.
ತನ್ನ ಬಾಯಲ್ಲಿ ತಿರುವಿ ನೋಡಿದಳು,
ಆಟಕುಂಟು,
ನಕ್ಕಳು, ಆಮೇಲೆ ನಗಲಿಲ್ಲ.
“ಈಗ ಬರಿ,” ಎಂದಳು, “ಒಂದು. ದೊಡ್ಡದಾಗಿ.”

ನನ್ನ ಮನೆಯದೇ ಎಲ್ಲಕ್ಕಿಂತ ತಡ, ಅರವತ್ತಮೂರನೆಯದು.
ಮನೆಯಲ್ಲಿ ಆಡುವ ಭಾಷೆ, ಒಂದನ್ನೇ ಬರೆಯಿರಿ.
ಒಲೆಯ ಮುಂದೆ ಸಾವಜಿ,
ಗಂಡನ ಹಾಲಿನ ಟ್ಯಾಂಕರಿನಲ್ಲಿ ಇಂಗ್ಲಿಷು,
ಬೈಗುಳಕ್ಕೆ ಹುಬ್ಬಳ್ಳಿಯ ಕನ್ನಡ,
ಡಬ್ಬಿಯಾಗಲಿ ತಲೆಯಾಗಲಿ
ಎಣಿಕೆಗೂ ಅದೇ.
ಮಗಳು ಹೆಗಲ ಮೇಲಿಂದ ಇಣುಕಿ
“ನನ್ನದು ನಾನೇ ತುಂಬುತ್ತೇನೆ” ಎಂದಳು.
ಇತರೆ ಎಂಬ ಚೌಕದಲ್ಲಿ ನಾನು ಸಾವಜಿ ಬರೆದೆ.
ಅವಳೇನು ಬರೆದಳೋ, ಕೈ ಅಡ್ಡ ಇಟ್ಟುಕೊಂಡಿದ್ದಳು.

ಮುಂದಿನ ವರ್ಷ ರಾಜ್ಯದ ಅಂಕಿಅಂಶ ಬಂತು,
ಇಂತಿಷ್ಟು ಲಕ್ಷ, ಇಂತಿಷ್ಟು ದಶಮಾಂಶ.
ಸಣ್ಣ ಸಂಖ್ಯೆಗಳನ್ನು ಒಂದಿಷ್ಟು ಹೆಚ್ಚುಕಡಿಮೆ ಮಾಡುತ್ತಾರಂತೆ,
ಯಾರೂ ಯಾರ ಗುರುತು ಹಿಡಿಯದಿರಲೆಂದು.
ನಮ್ಮ ಬೀದಿಯ ಸಾಲಿನಲ್ಲಿ ನಮ್ಮನ್ನು ಹುಡುಕಿದೆ.
ಮನೆಯಲ್ಲಿ ಮೂವರು, ಪಟ್ಟಿಯಲ್ಲಿ ನಾಲ್ಕು.
“ತಪ್ಪಾಗಿರಬೇಕು ಬಿಡು,” ಎಂದ ಗಂಡ.
ಇರಬಹುದು.
ಭಾನುವಾರ ಮಾಂಸದ ಸಾರಿಗೆ
ಒಂದು ಲೋಟ ನೀರು ಹೆಚ್ಚಿಗೆ ಹೊಯ್ದೆ.