ಭುಜ ಒಣಗುವವರೆಗೆ

ಕೊತ್ಕ ಬಂದರಿನಲ್ಲಿ ಮೂವತ್ತೊಂದು ವರ್ಷ
ಕ್ರೇನಿನ ಗೂಡಿನಲ್ಲಿ ಕೂತು ಕಾಗದದ ಸುರುಳಿಗಳನ್ನು
ಹಡಗಿಗೆ ಇಳಿಸಿದವನು ನಾನು, ತೌನೊ.
ಕೂತೇ ದುಡಿದದ್ದು. ಹೊಟ್ಟೆಗೆ ಅದು ಗೊತ್ತು.

ನರ್ಸು ಸೆನ್ಯಾ ಟೇಪು ಹಿಡಿದು ಸುತ್ತು ಬಂದಳು
ಬರ್ಚ್ ಮರದ ಬುಡ ಅಳೆಯುವ ಅರಣ್ಯದವರ ಹಾಗೆ.
ನೂರಾ ಹದಿನಾಲ್ಕು, ಎಂದಳು. ಉಸಿರು ಬಿಡಿ, ಎಂದಳು.
ಬಿಟ್ಟೆ. ನೂರಾ ಹದಿನಾರು.

ರಕ್ತದಲ್ಲಿ ಸಕ್ಕರೆ ಹೆಚ್ಚು, ಗಂಡು ಹಾರ್ಮೋನು ಕಡಿಮೆ.
ಒಂದನ್ನು ತುಂಬಿದರೆ ಇನ್ನೊಂದು ಇಳಿದೀತೇ,
ಇಷ್ಟೇ ಅವರ ಪ್ರಶ್ನೆ.
ಹದಿನೇಳು ಪುಟದ ಒಪ್ಪಿಗೆ ಪತ್ರ, ಪುಟಪುಟಕ್ಕೂ ರುಜು.
ಮದುವೆಗೆ ಒಂದೇ ಸಲ ಹಾಕಿದ್ದೆ.

ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಲೋಳೆ.
ಯಾರಿಗೆ ಯಾವುದೋ ನನಗೂ ತಿಳಿಯದು, ಸೆನ್ಯಾಗೂ ತಿಳಿಯದು,
ಡಾಕ್ಟರಿಗೂ. ಎಲ್ಲೋ ಒಂದು ಕಂಪ್ಯೂಟರಿಗೆ ತಿಳಿದಿದೆ;
ಅದು ಬಾಯಿ ಬಿಡುವುದಿಲ್ಲ.

ಬೆಳಗಿನ ಆರೂವರೆಗೆ ಎರಡು ಒತ್ತು, ಎರಡು ಭುಜ.
ಒಣಗುವವರೆಗೆ ಅಂಗಿ ಬೇಡ. ಆಮೇಲೆ ಅಂಗಿ ಬಿಚ್ಚಬೇಡ.
ಕೈಗೆ ಸೋಪು. ಆರು ಗಂಟೆ ಸೌನಾ ಇಲ್ಲ.
ಹೆಂಗಸರಿಗೆ ತಗಲಬಾರದು. ಕೆಳಗೆ ದಪ್ಪಕ್ಷರದಲ್ಲಿ:
ಮಕ್ಕಳಿಗೆ ತಗಲಲೇಬಾರದು.

ಹೆಲ್ಕಾಗೆ ಆಗ ಎರಡು ವರ್ಷ.
ಮಗಳು ಕೆಲಸಕ್ಕೆ ಹೋಗುವಾಗ ಏಳಕ್ಕೆ ತಂದು ಬಿಡುತ್ತಾಳೆ.
ಚಳಿಗಾಲದ ಏಳೆಂದರೆ ನಡುರಾತ್ರಿಯ ತಂಗಿ.
ಬೂಟು ಬಿಚ್ಚುವ ಮೊದಲೇ ಎರಡೂ ಕೈ ಮೇಲಕ್ಕೆ,
ಮಾತು ಬಾರದ ಕಾಲದಿಂದ ಅದೊಂದೇ ಅವಳ ಆಜ್ಞೆ:
ಕ್ರೇನು ಇಳಿಸು.
ನಾನು ಹಿಂದೆ ಸರಿದೆ.
ಔನೆ ಎತ್ತಿಕೊಂಡಳು. ಅಜ್ಜಿಯ ಹೆಗಲ ಮೇಲಿಂದ
ಹೆಲ್ಕಾ ನನ್ನನ್ನೇ ನೋಡಿದಳು,
ತಪ್ಪು ಮಾಡಿದವನನ್ನು ನೋಡುವ ಹಾಗಲ್ಲ,
ಕೆಟ್ಟು ನಿಂತ ಯಂತ್ರವನ್ನು ನೋಡುವ ಹಾಗೆ.
ಅಂಗಿ ತೊಟ್ಟ ಮೇಲೂ ನನಗೆ ಧೈರ್ಯ ಬರಲಿಲ್ಲ.

"ಅದು ಬರೀ ಲೋಳೆಯಾಗಿದ್ದರೆ?" ಎಂದೆ ಹೆಂಡತಿಗೆ.
"ಆಗಿರದಿದ್ದರೆ?" ಎಂದಳು, ಓಟ್ಸ್ ಗಂಜಿ ಕಲಕುತ್ತ.

ಶನಿವಾರದ ಸೌನಾದಲ್ಲಿ ಒನ್ನಿ ತೋಳು ಮಡಚಿ ತೋರಿಸಿದ:
ನನ್ನದು ಅಸಲಿ, ನೋಡು, ನಿದ್ದೆಯಲ್ಲೂ ಹುಮ್ಮಸ್ಸು.
ಬಿಸಿ ಕಲ್ಲಿಗೆ ನೀರೆರಚಿ ಎಲ್ಲರೂ ನಕ್ಕೆವು.
ಗಂಡಸರ ನಗೆ. ಹಬೆಯಷ್ಟೇ ದಪ್ಪ, ಹಬೆಯಷ್ಟೇ ಹೊತ್ತು.
ಒಂಬತ್ತನೆಯ ತಿಂಗಳು, ರಕ್ತ ಮಂದವಾಯಿತೆಂದು,
ಅವನನ್ನು ಹೊರಗೆ ಕಳಿಸಿದರು. ಅಸಲಿಯೇ ಇತ್ತೇನೋ.
ಈಗ ಆ ಮಾತು ಎತ್ತುವುದಿಲ್ಲ.

ಆಗಾಗ ಸಕ್ಕರೆ ನೀರು ಕುಡಿಸಿ ಎರಡು ಗಂಟೆ ಕೂರಿಸುವರು.
ಕಿಟಕಿಯಾಚೆ ಹೆಪ್ಪುಗಟ್ಟಿದ ಕಡಲು.
ಹಿಮ ಒಡೆಯುವ ಹಡಗು ಒಂದು ಗೆರೆ ಎಳೆದು ಹೋಗುವುದು,
ನೋಡನೋಡುತ್ತ ಗೆರೆ ಕೂಡಿಕೊಳ್ಳುವುದು.
ತೂಕ ಅಳೆದರು, ಮೂಳೆ ಅಳೆದರು, ಮುಷ್ಟಿಯ ಬಿಗಿ ಅಳೆದರು,
ಕೊಬ್ಬನ್ನು ಪದರ ಪದರ ಅಳೆದರು.
ಅಳತೆಗೆ ಉಳಿದದ್ದು ಅಳು.
ಅದಕ್ಕೂ ಒಂದು ಕಾಲಂ ಇತ್ತು: ಕಳೆದ ಎರಡು ವಾರದಲ್ಲಿ
ಎಷ್ಟು ಬೇಸರ? ಸೊನ್ನೆಯಿಂದ ಮೂರು.
ಒಂದು ಎಂದು ಬರೆದೆ. ಪ್ರತಿ ಸಲವೂ ಒಂದು.

ನಡೆಯಿರಿ ಎಂದರು, ನಡೆದೆ. ಬೆಣ್ಣೆ ಬಿಡಿ ಎಂದರು,
ಅರ್ಧ ಬಿಟ್ಟೆ. ಸೊಂಟ ಐದು ಸೆಂಟಿಮೀಟರು ಇಳಿಯಿತು.
ಔನೆ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಳು.

ಎರಡು ವರ್ಷ ಕಳೆದು, ಕೊನೆಯ ಟ್ಯೂಬು ಮುಗಿದ ವಾರ
ಲಕೋಟೆ ಬಂತು. ನಿಮ್ಮದು ಹುಸಿಮದ್ದು. ಕೃತಜ್ಞತೆಗಳು.
ನೀರು, ಸ್ಪಿರಿಟ್ಟು, ಲೋಳೆ.
ಅಷ್ಟಕ್ಕೆ ಏಳುನೂರು ಬೆಳಗು
ನಾನು ಬಾಗಿಲಲ್ಲಿ ಹಿಂದೆ ಸರಿದದ್ದು.

ಸಿಟ್ಟು ಬಂತು. ಯಾರ ಮೇಲೆ? ಫೋನು ಮಾಡಿದೆ.
ಸೆನ್ಯಾ ತುಸು ಹೊತ್ತು ಸುಮ್ಮನಿದ್ದು,
ನಿಮ್ಮ ಸೊನ್ನೆ ಇಲ್ಲದೆ ಇನ್ನೊಬ್ಬರ ಒಂದನ್ನು
ಓದಲು ಬರುವುದಿಲ್ಲ, ತೌನೊ, ಎಂದಳು.
ನಿಜವಿರಬಹುದು. ಕ್ರೇನಿನ ಬೆನ್ನಿಗೂ ಕಾಂಕ್ರೀಟಿನ ದಿಮ್ಮಿ ಇರುತ್ತದೆ.
ಏನನ್ನೂ ಎತ್ತುವುದಿಲ್ಲ ಅದು.
ಅದಿಲ್ಲದಿದ್ದರೆ ಎತ್ತುವ ತೋಳು ಮೂಗು ಮುಗ್ಗರಿಸುತ್ತದೆ.

ಮರುದಿನ ಬನಿಯನ್ನಿನಲ್ಲೇ ಬಾಗಿಲು ತೆರೆದೆ.
ಹೆಲ್ಕಾ ಕೈ ಎತ್ತಲಿಲ್ಲ. ನಾಲ್ಕು ದಾಟಿದವಳು,
ಮರೆತಿದ್ದಾಳೆ. ನೆಟ್ಟಗೆ ಬೆಂಚಿಗೆ ಹೋಗಿ ಕೂತು
ಸ್ಕೇಟಿನ ಲೇಸು ಕಟ್ಟು, ಎಂದಳು. ಬಗ್ಗಿದೆ.
ಎದ್ದು ನಿಲ್ಲಲು ಹೋಗಿ ಆಯ ತಪ್ಪಿ
ಒದ್ದೆ ಉಣ್ಣೆಯ ಕೈಗವುಸನ್ನು
ನನ್ನ ಎಡಭುಜದ ಮೇಲೆ ಊರಿದಳು.
ಅಲುಗಾಡಬೇಡ, ಎಂದಳು.

ಇನ್ನೊಂದು ಲೇಸನ್ನು ನಿಧಾನಕ್ಕೆ ಕಟ್ಟಿದೆ.