ಹಿಟ್ಟಿನ ಮೇಲೆ ಲೆಕ್ಕ

ಕುತಾಯಿಸಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ಎಚ್ಚರವಿರುವುದು ರಿಯೋನಿ ನದಿ, ಎರಡು ನಾಯಿ, ಮತ್ತೆ ಮಾಲ್ಖಾಜ್.
ಬಾವಿಯಂಥ ಮಣ್ಣಿನ ಒಲೆಯೊಳಗೆ
ಸೊಂಟದವರೆಗೆ ಬಾಗಿ ಇಳಿದು
ಗೋಡೆಗೆ ರೊಟ್ಟಿ ಬಡಿದು
ಕೆಂಪು ಮುಖ ಹೊತ್ತು ಮೇಲೆ ಬರುತ್ತಾನೆ,
ದಿನಕ್ಕೆ ಮುನ್ನೂರು ಸಲ.
ಹುಬ್ಬು ಅರ್ಧ ಸುಟ್ಟಿದೆ.
ಮುಂದಿನ ತಿಂಗಳು ನಾನು ಮದುವೆಯಾಗಬೇಕಾದವನು ಇವನು.

ಎರಡು ವರ್ಷದಲ್ಲಿ ಎಲ್ಲ ಮಾತಾಡಿ ಮುಗಿಸಿದ್ದೇವೆ:
ಅವನ ಅಪ್ಪನ ಕುಡಿತ, ನನ್ನ ಮೊದಲ ಪ್ರೇಮ,
ಮಗು ಬೇಕೆ, ಬೇಕಾದರೆ ಯಾವಾಗ,
ಸತ್ತರೆ ಯಾವ ಗುಡ್ಡದಲ್ಲಿ ಹೂಳಬೇಕು.
ನನ್ನ ಬೆನ್ನ ಮೇಲಿನ ಮಚ್ಚೆ
ನನಗಿಂತ ಚೆನ್ನಾಗಿ ಅವನಿಗೆ ಗೊತ್ತು.
ಅವನ ಸಂಬಳ ಎಷ್ಟೆಂದು ನನಗೆ ಗೊತ್ತಿಲ್ಲ.
ಬಟ್ಟೆ ಬಿಚ್ಚಿದಷ್ಟು ಸುಲಭವಲ್ಲ
ಪರ್ಸು ಬಿಚ್ಚುವುದು.

ನೇಪಲ್ಸಿನಿಂದ ಅಮ್ಮ ಫೋನು ಮಾಡುತ್ತಾಳೆ,
ಸ್ಪೀಕರ್ ಹಾಕಿಟ್ಟು, ಯಾರದೋ ಮುದುಕಿಯ ಕಾಲು ಒರೆಸುತ್ತ:
"ಗಂಟು ಹಾಕುವ ಮುಂಚೆ ಗಂಟು ಬಿಚ್ಚಿಸು, ಮಾಗ್ದಾ.
ನಾನು ಬಿಚ್ಚಿಸಲಿಲ್ಲ.
ನಿನ್ನಪ್ಪನ ಸಾಲ ನನಗೆ ತಿಳಿದದ್ದು
ಫ್ರಿಜ್ಜು ಹೊತ್ತುಕೊಂಡು ಹೋದವರಿಂದ.
ಒಳಗೆ ನಿನ್ನ ಹುಟ್ಟುಹಬ್ಬದ ಕೇಕಿತ್ತು."

ಹಾಗಾಗಿ ಬಂದಿದ್ದೇನೆ,
ಕೋಟಿನೊಳಗೆ ರಾತ್ರಿಯ ಉಡುಪು,
ಜೇಬಿನಲ್ಲಿ ನನ್ನದೂ ಒಂದು ರಸೀದಿ.
ಪೆನ್ನಿಲ್ಲ. ಹಿಟ್ಟು ಹರಡಿದ ಹಲಗೆಯಿದೆ.
ಬರೆ, ಅಂದೆ.
ಏನನ್ನ?
ಸಾಲವನ್ನ.

ನಕ್ಕ. ಆಮೇಲೆ ನಗಲಿಲ್ಲ.
ತೋರುಬೆರಳಲ್ಲಿ ಬರೆದ: ಆರು ಸಾವಿರದ ನಾನೂರು ಲರಿ.
ತಮ್ಮನ ಮೊಣಕಾಲಿಗೆ, ಹೋದ ಚಳಿಗಾಲ.
ಅದರ ಕೆಳಗೆ ಬಡ್ಡಿ; ಬೆರಳು ಕೊಂಚ ನಿಧಾನ.
ಅದರ ಕೆಳಗೆ, ಇರುವೆ ಬರೆದ ಹಾಗೆ, ಮುನ್ನೂರು.
"ಇದು?"
"ಫುಟ್ಬಾಲಿನ ಬಾಜಿ. ಬಿಟ್ಟುಬಿಟ್ಟಿದ್ದೇನೆ."
"ಯಾವಾಗ ಬಿಟ್ಟೆ?"
"ಭಾನುವಾರ."
ಇವತ್ತು ಬುಧವಾರ.

ಸಿಟ್ಟು ಬಂತು. ಬಂದದ್ದನ್ನು ಆಡುವ ಮುಂಚೆ
ಜೇಬಿನ ಕಾಗದ ಚುಚ್ಚಿತು.
ನಾನು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು,
ಊರಿನ ಅರ್ಧ ನಗು ನನ್ನ ಕೈಯದು,
ಅದನ್ನು ನಂಬಿ ಯಾರೂ ನನ್ನ ಲೆಕ್ಕ ಕೇಳುವುದಿಲ್ಲ.
ಹಿಟ್ಟಿನ ಮೇಲೆ ರಸೀದಿ ಬಿಡಿಸಿಟ್ಟೆ:
ಅಜ್ಜಿಯ ಬಳೆ, ಒತ್ತೆ ಅಂಗಡಿಯಲ್ಲಿ.
ಮದುವೆಗೆ ತೊಡುತ್ತೇನೆಂದು ಎಲ್ಲರಿಗೂ ಸಾರಿದ ಬಳೆ.
ಹಣ ಪೋಲೆಂಡಿಗೆ ಕಳಿಸುವ ಏಜೆಂಟನಿಗೆ ಹೋಯಿತು,
ಏಜೆಂಟ ಎಲ್ಲಿಗೆ ಹೋದನೋ.

ಎಷ್ಟು ಎಂದು ಅವನು ಕೇಳಲಿಲ್ಲ.
ತಾರೀಖಿನ ಮೇಲೆ ಬೆರಳಿಟ್ಟ.
ಹೋದ ಅಕ್ಟೋಬರ್, ನಾವು ಜಗಳಾಡಿ
ಹನ್ನೊಂದು ದಿನ ಮಾತು ಬಿಟ್ಟಿದ್ದ ವಾರಗಳು.
"ಹೊರಟಿದ್ದೆಯಾ?"
"ಹೊರಟಿದ್ದೆ."
ಒಲೆಯಲ್ಲಿ ಮೂರು ರೊಟ್ಟಿ ಕರಕಾದವು.
ವಾಸನೆ ಇಬ್ಬರಿಗೂ ಬಂತು.
ಇಬ್ಬರೂ ಏಳಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿಯೇ.
ಹಾಸಿಗೆಯೇ ಕಂತಿನಲ್ಲಿ ಬರಬೇಕಾದವರು
ಕಾಲು ಎಲ್ಲಿಡಬೇಕೆಂದು
ಯಾರೂ ಹೇಳಿಲ್ಲ.

ಕಿಟಕಿ ಬಡಿದದ್ದು ತ್ಸಿಯಾಲಾ ಅಜ್ಜಿ,
ಯಾವತ್ತೂ ಮೊದಲ ಗಿರಾಕಿ.
ಒಳಗೆ ಇಣುಕಿ, ಹಲಗೆ ನೋಡಿ,
"ಏನ್ರೋ ಇಷ್ಟೊಂದು ಅಂಕಿ?" ಅಂದಳು.
"ಮದುವೆಯ ಲೆಕ್ಕ" ಅಂದ ಮಾಲ್ಖಾಜ್,
ನನ್ನ ಕಡೆ ನೋಡದೆ.
ಬಿಸಿ ರೊಟ್ಟಿ ಬಗಲಿಗೆ ಸಿಕ್ಕಿಸಿಕೊಂಡು
ಚಿಲ್ಲರೆ ಬೇಡವೆಂದಳು ಮುದುಕಿ,
"ನನ್ನದೂ ಒಂದು ಲರಿ ಇರಲಿ ಅದಕ್ಕೆ."

ಅವನು ಮತ್ತೆ ಒಲೆಯೊಳಗೆ ಇಳಿದ.
ಈ ಸಲ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದ.
ನಾನು ಬೆರಳು ಒದ್ದೆ ಮಾಡಿ
ನಾನೂರನ್ನು ಅಳಿಸಿ
ಬರೆದೆ:
ಮುನ್ನೂರ ತೊಂಬತ್ತೊಂಬತ್ತು.